ಇಟಲಿಗೆ ಹೋದ ಹುಡುಗಿ, ಇಟಲಿಯಿಂದ ಬಂದ ಯಾತ್ರಿಕ

ನಮ್ಮ ವಾಚನಾಲಯದವರು ಹೋದ ಸಲ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಜನ ಮೊದಲು ಬಿಚ್ಚಿ ಓದಿದ್ದು ಇಟಲಿಯ ಬರಹವನ್ನೇ. ನಮ್ಮ ಸೀಮೆಯ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಅಕ್ಷರ ಕಲಿತವಳು, ಕಾಲೇಜಿನ ವಿನಿಮಯದ ಮೇಲೆ ಆರು ತಿಂಗಳು ಇಟಲಿಗೆ ಹೋಗಿ ಓದಿ ಬಂದು ಬರೆದದ್ದು. ಹೆಸರು ಎಲ್ಲರಿಗೂ ಗೊತ್ತೈತೆ, ನಾನು ಮತ್ತೆ ಬರೆಯೋದಿಲ್ಲ. ಓದಿದವರೆಲ್ಲ ಭೇಷ್ ಅಂದರು. ನಾನೂ ಅಂದೆ. ಆದರೆ ಈಗ ಮೇಷ್ಟ್ರುಗಳು ಅದನ್ನು ಮಾದರಿ ಪ್ರಬಂಧ ಅಂತ ಮಕ್ಕಳ ಕೈಲಿ ನಕಲು ಮಾಡಿಸ್ತಾ ಇದ್ದಾರೆ. ಹಂಗಾದ ಮೇಲೆ ಆ ಬರಹವನ್ನು ಸ್ವಲ್ಪ ತೂಗಿ ನೋಡಬೇಕಾಗ್ತದೆ. ಊಟಕ್ಕೆ ಇಟ್ಟ ಶೇಂಗಾಕ್ಕಿಂತ ಬೀಜಕ್ಕೆ ಇಟ್ಟ ಶೇಂಗಾವನ್ನು ಹೆಚ್ಚು ಆರಿಸಿ ನೋಡ್ತೀವಲ್ಲ, ಹಂಗೆ.

ನಾನು ಓದಿದ್ದು ಏಳನೇ ಕ್ಲಾಸು. ಇಟಲಿ ನೋಡಿದವನಲ್ಲ. ಆದರೆ ನಲವತ್ತು ವರ್ಷದಿಂದ ಪದ ಹಾಡ್ತಾ ಬಂದೀನಿ, ಕೋಲಾಟ ಕಲಿಸ್ತಾ ಬಂದೀನಿ. ಮುಂದೆ ಹಾಡುವವನು ಒಬ್ಬ ಸೊಲ್ಲು ಎತ್ತಿದರೆ ಹಿಂದಿನವರು ಅದನ್ನು ಹಿಡೀಬೇಕು. ಹಿಡಿಯದೇ ಹೋದರೆ ಎಷ್ಟು ಒಳ್ಳೇ ಕಂಠ ಇದ್ದರೂ ಪದ ನಿಲ್ಲೋದಿಲ್ಲ. ಈ ಬರಹ ಓದುವಾಗ ನನಗೆ ಅನಿಸಿದ್ದು ಅದೇ: ಹುಡುಗಿ ಒಬ್ಬಳೇ ಹಾಡ್ತಾಳೆ, ಹಿಂದೆ ಯಾರೂ ಇಲ್ಲ.

ಬರಹದಲ್ಲಿ ಏನೇನು ಐತೆ ನೋಡಿ. ಪೀಸಾದ ವಾಲಿದ ಗೋಪುರ ಐತೆ. ರೋಮಿನ ಕೊಲೊಸಿಯಂ ಐತೆ. ವೆನಿಸ್ಸಿನ ದೋಣಿ, ಫ್ಲಾರೆನ್ಸಿನ ಡಾಂಟೆಯ ಶಿಲೆ, ಪಿಜ್ಜಾ, ಕಾಫಿ, ರೈಲಿನ ಟಿಕೇಟಿಗೆ ಎಷ್ಟು ಯೂರೋ, ಅದು ನಮ್ಮ ರೂಪಾಯಿಯಲ್ಲಿ ಎಷ್ಟು, ಎಲ್ಲಾ ಐತೆ. ಇದರಲ್ಲಿ ತಪ್ಪು ಒಂದೂ ಇಲ್ಲ. ಆದರೆ ಹನ್ನೊಂದು ಪುಟದಲ್ಲಿ ಇಟಲಿಯ ಒಬ್ಬ ಮನುಷ್ಯ ಬಾಯಿ ಬಿಟ್ಟು ಒಂದು ಮಾತು ಆಡೋದಿಲ್ಲ. ಅಷ್ಟು ದೂರ ಹೋದ ನಮ್ಮ ಹುಡುಗಿ ಯಾರಿಗೂ ಒಂದು ಪ್ರಶ್ನೆ ಕೇಳಿದಂಗೆ ಕಾಣೋದಿಲ್ಲ.

ನನಗೆ ಆಸೆ ಹುಟ್ಟಿಸಿದ್ದು ಬರೇ ನಾಲ್ಕು ಸಾಲು. ಅಲ್ಲಿನ ಪರೀಕ್ಷೆಯ ವಿಚಾರ. ಇಟಲಿಯ ವಿಶ್ವವಿದ್ಯಾಲಯಗಳಲ್ಲಿ ಬಹಳಷ್ಟು ಪರೀಕ್ಷೆ ಬಾಯಲ್ಲೇ ನಡೀತಾವಂತೆ. ಮೇಷ್ಟ್ರ ಎದುರು ಕೂತು, ಕೇಳಿದ್ದಕ್ಕೆ ಹೇಳಬೇಕು. ಮೂವತ್ತಕ್ಕೆ ಅಂಕ, ಹದಿನೆಂಟು ಬಂದರೆ ಪಾಸು. ಮೂವತ್ತೂ ಬಂದು ಇನ್ನೂ ಚೆನ್ನಾಗಿ ಹೇಳಿದ್ದರೆ ಅಂಕದ ಪಕ್ಕದಲ್ಲಿ ಹೊಗಳಿಕೆಯ ಒಂದು ಮಾತು ಸೇರಿಸ್ತಾರೆ. ಬೇರೆ ಹುಡುಗರೂ ಹಿಂದೆ ಕೂತು ಕೇಳಬಹುದು, ಬಾಗಿಲು ಹಾಕೋದಿಲ್ಲ. ಕೊಟ್ಟ ಅಂಕ ಮನಸ್ಸಿಗೆ ಬರದಿದ್ದರೆ ಹುಡುಗ ಬೇಡ ಅಂದು ಎದ್ದು ಹೋಗಿ ಇನ್ನೊಮ್ಮೆ ಬರಬಹುದು. ಇದನ್ನು ಓದಿ ನಾನು ಪುಸ್ತಕ ಮಡಿಚಿ ಎಷ್ಟೋ ಹೊತ್ತು ಕೂತಿದ್ದೆ. ಬೊಲೋನ್ಯಾದ ವಿಶ್ವವಿದ್ಯಾಲಯ 1088ರಿಂದ ಐತೆ ಅಂತ ಲೆಕ್ಕ ಹಿಡೀತಾರೆ. ಅಷ್ಟು ಹಳೇ ವಿದ್ಯೆಯ ನಾಡು ಇವತ್ತಿಗೂ ಬಾಯಿಮಾತನ್ನು ನಂಬಿಕೊಂಡೈತೆ. ನಮ್ಮ ಕಡೆ ಬಾಯಲ್ಲಿ ಸಾವಿರ ಪದ ಇಟ್ಟುಕೊಂಡ ಮುದುಕಿಗೆ ಓದು ಬರದವಳು ಅಂತೀವಿ. ನಮ್ಮ ಹುಡುಗಿ ಆ ಕುರ್ಚಿಯ ಮೇಲೆ ಕೂತಾಗ ಏನು ಕೇಳಿದರು, ಯಾವ ಭಾಷೆಯಲ್ಲಿ ಹೇಳಿದಳು, ಎಲ್ಲಿ ಮಾತು ಸಿಕ್ಕಿಹಾಕಿಕೊಂಡಿತು? ಒಂದೂ ಇಲ್ಲ. ನಾಲ್ಕು ಸಾಲು ಆದ ಕೂಡಲೇ ಮತ್ತೆ ಪಿಜ್ಜಾಕ್ಕೆ ಬಂದುಬಿಟ್ಟಳು.

ಈಗ ಇನ್ನೊಬ್ಬನ ವಿಚಾರ ಹೇಳಬೇಕು. ಇವನು ಇಟಲಿಯಿಂದ ಕನ್ನಡ ನಾಡಿಗೆ ಬಂದವನು. ನಮ್ಮ ಊರಿನ ಒಬ್ಬ ಮೇಷ್ಟ್ರು ಇಂಗ್ಲಿಷಿನಲ್ಲಿ ಓದಿ, ಸಂಜೆ ಹೊತ್ತು ನನಗೆ ಕನ್ನಡದಲ್ಲಿ ಹೇಳಿದರು. ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ ಅವನ ಹೆಸರು. ರೋಮಿನವನು, ಹುಟ್ಟಿದ್ದು 1586. 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದವನು ತುರ್ಕಿ, ಈಜಿಪ್ಟ್, ಪರ್ಷಿಯಾ ಸುತ್ತಿ ಹಿಂದೂಸ್ತಾನಕ್ಕೆ ಬಂದ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ದಾರಿಯಲ್ಲೇ ತೀರಿಕೊಂಡಿದ್ದಳು. ಅವಳ ಶವವನ್ನು ಕೆಡದಂಗೆ ಕಟ್ಟಿಸಿ, ಪೆಟ್ಟಿಗೆಯಲ್ಲಿಟ್ಟು, ಹೋದಲ್ಲೆಲ್ಲ ಜೊತೆಗೆ ಒಯ್ದು ಕಡೆಗೆ ರೋಮಿನಲ್ಲಿ ಮಣ್ಣು ಮಾಡಿದ. ಹೋದ ಹೋದ ನಾಡಿನ ಭಾಷೆ ಕಲಿಯೋ ಹುಚ್ಚು ಇದ್ದವನು. ಸಂಗೀತ ಬಲ್ಲವನು, ಮುಂದೆ ಅದರ ಮೇಲೆ ಬರೆದವನು. ನೇಪಲ್ಸಿನಲ್ಲಿದ್ದ ಒಬ್ಬ ವೈದ್ಯ ಗೆಳೆಯನಿಗೆ ಕಂಡದ್ದನ್ನೆಲ್ಲ ಕಾಗದ ಬರೀತಿದ್ದ. ಆ ಕಾಗದಗಳೇ ಪುಸ್ತಕ ಆದವು. ಹಿಂದೂಸ್ತಾನದ ಭಾಗ ಅಚ್ಚಾದದ್ದು 1663ರಲ್ಲಿ, ಅವನು ಸತ್ತ ಮೇಲೆ.

1623ರ ಅಕ್ಟೋಬರಿನಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಹತ್ತಿರ ಒಬ್ಬ ರಾಯಭಾರಿಯನ್ನು ಕಳಿಸಿದರು. ಇವನೂ ಜೊತೆಗೆ ಹೊರಟ. ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮೇಲೆ ಹಾಯ್ದು, ಘಟ್ಟ ಹತ್ತಿ ಇಕ್ಕೇರಿಗೆ ಹೋಗಬೇಕು. ಸಾಮಾನು ಹೊರುವ ಆಳುಗಳು ಹೊರೆ ಕಟ್ಟುತ್ತಾ ತಡ ಮಾಡಿದರು. ಆ ಬಿಡುವಿನಲ್ಲಿ ಅವನು ಒಂದು ಗುಡಿಯ ಮುಂದಿನ ಕಟ್ಟೆಗೆ ಹೋಗಿ ಕೂತ. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲೀತಿದ್ದರು. ಮೇಷ್ಟ್ರು ಇರಲಿಲ್ಲ. ಒಬ್ಬ ಹುಡುಗ ರಾಗ ಎಳೆದು ಮಗ್ಗಿಯ ಒಂದು ಮಾತು ಹಾಡೋದು, ಹಾಡುತ್ತಾ ನೆಲದ ಮೇಲೆ ಹರಡಿದ ನುಣ್ಣನೆ ಮರಳಿನಲ್ಲಿ ಬೆರಳಿಂದ ಬರೆಯೋದು. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯೋದು. ನೆಲ ತುಂಬಿದರೆ ಕೈಲೆ ಅಳಿಸಿ, ಬೇಕಾದರೆ ಇನ್ನಷ್ಟು ಮರಳು ಹಾಕೋದು. ಕಾಗದ ಇಲ್ಲ, ಲೇಖಣಿ ಇಲ್ಲ, ಖರ್ಚಿಲ್ಲ. ರಾಗ ಇರೋದರಿಂದ ಪಾಠ ತಲೆಯಲ್ಲಿ ಕೂತುಬಿಡ್ತದೆ ಅಂತ ಅವನು ಬರೀತಾನೆ. ಹಾಡುವವನಿಗೆ ಮಾತ್ರ ಹೊಳೆಯೋ ಮಾತು ಇದು.

ಇಷ್ಟಕ್ಕೇ ಎದ್ದು ಹೋಗಿದ್ದರೆ ಅವನೂ ಗೋಪುರ ನೋಡಿ ಬಂದವರ ಸಾಲಿಗೆ ಸೇರ್ತಿದ್ದ. ಅವನು ಹುಡುಗರಿಗೆ ಒಂದು ಪ್ರಶ್ನೆ ಹಾಕಿದ. ಮೇಷ್ಟ್ರು ಇಲ್ಲದೇ ಓದ್ತೀರಿ, ಎಲ್ಲರಿಗೂ ಮರೆತು ಹೋದರೆ ತಿದ್ದೋರು ಯಾರು ಅಂತ. ನಾಲ್ಕು ಜನಕ್ಕೂ ಒಂದೇ ಜಾಗ ಒಂದೇ ಸಲ ಮರೆಯೋದು ಆಗದ ಮಾತು ಅಂತ ಹುಡುಗರು ಜವಾಬು ಕೊಟ್ಟರು. ಅವರು ಹೇಳಿದ್ದು ನಿಜ ಅಂತ ಅವನೇ ಒಪ್ಪಿಕೊಂಡು ಬರೆದ.

ಈ ಜವಾಬು ಕೇಳಿದ ದಿನದಿಂದ ನಾನು ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕ ಇಲ್ಲ. ನಮ್ಮ ಭಜನೆ ನಡೆಯೋದು ಹೀಗೇನೇ. ರಾತ್ರಿ ಇಡೀ ಹಾಡ್ತೀವಿ, ಕೈಯಲ್ಲಿ ಪುಸ್ತಕ ಇಲ್ಲ. ಒಬ್ಬನಿಗೆ ನುಡಿ ತಪ್ಪಿದರೆ ಪಕ್ಕದವನು ಎತ್ತಿಕೊಡ್ತಾನೆ, ಅವನಿಗೆ ತಪ್ಪಿದರೆ ತಾಳದವನು. ಒಬ್ಬೊಬ್ಬರಾಗಿ ಹಾಡಿಸಿದರೆ ಯಾರಿಗೂ ಪೂರಾ ಬರೋದಿಲ್ಲ. ನಾಲ್ಕು ನೂರು ವರ್ಷದ ಹಿಂದಿನ ನಾಲ್ಕು ಹುಡುಗರ ಬಾಯಿಮಾತು ಇವತ್ತು ನನ್ನವರೆಗೆ ಬಂದದ್ದು, ಪರದೇಶದವನೊಬ್ಬ ಕುತೂಹಲದಿಂದ ಕೇಳಿ, ಬಂದ ಜವಾಬನ್ನು ಹಂಗೇ ಬರೆದಿಟ್ಟ ಅನ್ನೋ ಕಾರಣಕ್ಕೆ. ಆ ಹುಡುಗರ ಹೆಸರು ಬರೆದಿಟ್ಟಿದ್ದರೆ ಇನ್ನೂ ಚೆನ್ನಾಗಿತ್ತು.

ಅವನ ಕಣ್ಣಿಗೂ ಕಿವಿಗೂ ಮಿತಿ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಇಕ್ಕೇರಿಯಲ್ಲಿ ಒಂದು ಸಂಜೆ ಬೀದಿಯಲ್ಲಿ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಕುಣಿಯೋದನ್ನು ಕಂಡ. ತಲೆಗೆ ಹೂವು, ಕೈಯಲ್ಲಿ ಗೇಣುದ್ದದ ಬಣ್ಣದ ಕೋಲು, ತಮಟೆಯ ಪೆಟ್ಟಿಗೆ ಸರಿಯಾಗಿ ಕೋಲು ಹೊಡೀತಾರೆ. ಒಬ್ಬಳು ನುಡಿ ಹೇಳ್ತಾಳೆ, ನುಡಿ ಮುಗಿದ ಮೇಲೆ ಎಲ್ಲರೂ ಕೂಡಿ ‘ಕೋಲೆ ಕೋಲೆ’ ಅಂತ ಏಳೆಂಟು ಸಲ ಹೇಳ್ತಾರೆ. ಗೌರಿಯ ಹಬ್ಬ ಅಂತ ಬರೆದಾನೆ. ನವಂಬರ್ ತಿಂಗಳು ಅಂದ ಮೇಲೆ ನಮ್ಮ ಗೌರಿ ಹುಣ್ಣಿಮೆಯೇ ಇರಬೇಕು ಅಂತ ನನ್ನ ಅಂದಾಜು. ಸಕ್ಕರೆ ಆರತಿ ಹಿಡಿದು ನಮ್ಮ ಹೆಣ್ಣುಮಕ್ಕಳು ಈಗಲೂ ಕೋಲು ಹಾಕ್ತಾರೆ. ಅದಿರಲಿ. ‘ಕೋಲೆ’ ಅಂದರೆ ಏನು ಅಂತ ಅವನಿಗೆ ತಿಳೀಲಿಲ್ಲ. ಅರ್ಥ ಗೊತ್ತಿಲ್ಲ, ಸಂತೋಷದ ಮಾತು ಇರಬಹುದು ಅಂತ ಬರೆದ. ಅವಳ ಕೈಯಲ್ಲಿದ್ದ ಕೋಲನ್ನೇ ಅವಳು ಕೂಗಿ ಹೇಳ್ತಿದ್ದಾಳೆ, ಆ ಕೋಲಿನ ಬಣ್ಣ, ಉದ್ದ ಎಲ್ಲಾ ಬರೆದವನಿಗೆ ಹೆಸರು ಹೊಳೀಲಿಲ್ಲ! ಓದಿ ಹೇಳ್ತಿದ್ದ ಮೇಷ್ಟ್ರೂ ನಾನೂ ನಕ್ಕಿದ್ದೇ ನಕ್ಕಿದ್ದು.

ನಕ್ಕರೂ ನಾನು ಅವನ ಕಡೆಯೇ. ಯಾಕಂದರೆ ತಿಳಿಯದ ಮಾತನ್ನು ಅವನು ಬಿಟ್ಟುಹೋಗಲಿಲ್ಲ. ಕಿವಿಗೆ ಬಿದ್ದ ಹಂಗೇ ಇಟ್ಟ, ತನಗೆ ಗೊತ್ತಿಲ್ಲ ಅಂತ ಪಕ್ಕದಲ್ಲಿ ಬರೆದ. ಅದಕ್ಕೇ 1623ರಲ್ಲೂ ಸೊಲ್ಲು ಇದೇ ಇತ್ತು, ಒಬ್ಬರು ಹೇಳಿ ಎಲ್ಲರೂ ಹಿಡಿಯೋ ಪದ್ಧತಿಯೂ ಇದೇ ಇತ್ತು ಅಂತ ನಾವು ಇವತ್ತು ಹೇಳಬಹುದು. ನಮ್ಮ ಹುಡುಗಿಯ ಬರಹದಲ್ಲಿ ತಿಳಿಯದ್ದು ಅನ್ನೋದೇ ಒಂದೂ ಇಲ್ಲ. ಆರು ತಿಂಗಳು ಭಾಷೆ ಬರದ ಊರಲ್ಲಿ ಇದ್ದವಳಿಗೆ ಎಲ್ಲಾ ತಿಳಿದಿತ್ತು ಅಂದರೆ ನಾನು ನಂಬೋದಿಲ್ಲ. ತಿಳಿದದ್ದನ್ನು ಮಾತ್ರ ಬರೆದಾಳೆ, ಅದೂ ಹೋಗೋಕಿಂತ ಮೊದಲೇ ತಿಳಿದದ್ದನ್ನು. ಗೋಪುರ ವಾಲೈತೆ ಅಂತ ನಮ್ಮ ಐದನೇ ಕ್ಲಾಸಿನ ಹುಡುಗನಿಗೂ ಗೊತ್ತು.

ಇನ್ನೊಂದು ಪ್ರಸಂಗ. ಅದೇ ವರ್ಷ ಮಂಗಳೂರು ಸೀಮೆಗೆ ಇಳಿದು ಉಳ್ಳಾಲದ ರಾಣಿಯನ್ನು ಅವನು ಕಂಡ. ಆಯಮ್ಮ ಬರಿಗಾಲಲ್ಲಿ, ಸಾದಾ ಹತ್ತಿ ಬಟ್ಟೆ ಉಟ್ಟು, ನೆಲ ಅಗೆಸೋ ಕೆಲಸ ನೋಡಿಕೊಳ್ಳಾಕೆ ನಡೆದೇ ಬರ್ತಿದ್ದಳು. ನೋಡಿದರೆ ಅಡಿಗೆ ಮನೆಯ ಆಳಿನ ಹಂಗೆ ಇದ್ದಳು ಅಂತ ಇವನು ಬರೀತಾನೆ. ಅದು ನನಗೆ ಸೇರಲಿಲ್ಲ. ಹೊಲದ ಕೆಲಸಕ್ಕೆ ನಿಂತವರು ಹೆಂಗಿರ್ತಾರೆ ಅಂತ ಅವನಿಗೆ ಗೊತ್ತಿರಲಿಲ್ಲ, ದೊಡ್ಡ ಮನೆತನದವನು. ಆದರೆ ಆಕೆ ಮಾತಾಡೋಕೆ ಶುರು ಮಾಡಿದ ಮೇಲೆ ರಾಣಿ ಅನ್ನೋದು ಮಾತಿನಲ್ಲಿ ಕಂಡಿತು ಅಂತಲೂ ಅವನೇ ಬರೆದ. ನಿಂತು ಮಾತಾಡದೇ ಹೋಗಿದ್ದರೆ ಅವನ ಪುಸ್ತಕದಲ್ಲಿ ಆಕೆ ಅಡಿಗೆಯವಳಾಗೇ ಉಳೀತಿದ್ದಳು.

ಈ ಮರಳಿನ ಮೇಲೆ ಬರೆಯೋ ಮಾತು ಘಟ್ಟದ ಕಡೆಯದು, ನಮಗೇನು ಸಂಬಂಧ ಅಂತ ಯಾರಾದರೂ ಕೇಳಿಯಾರು. ಸಂಬಂಧ ಐತೆ. ಸರಿಯಾಗಿ ಇನ್ನೂರು ವರ್ಷ ಕಳೆದ ಮೇಲೆ, 1823ರಲ್ಲಿ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್ಬೆಲ್ ತನ್ನ ಜಿಲ್ಲೆಯ ಶಾಲೆಗಳ ಮೇಲೆ ಮದ್ರಾಸಿಗೆ ಒಂದು ವರದಿ ಕಳಿಸಿದ. ಆಗ ನಮ್ಮ ಆದವಾನಿ, ಆಲೂರು ಎಲ್ಲಾ ಬಳ್ಳಾರಿ ಜಿಲ್ಲೆಯೇ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು ಅಂತ ಅವನ ಲೆಕ್ಕ. ಅದರಲ್ಲಿ ಕನ್ನಡದ ಶಾಲೆ 235, ತೆಲುಗಿನದು 226. ಈಗ ಎರಡು ಭಾಷೆಯ ಹೆಸರಲ್ಲಿ ಜಗಳ ತೆಗೆಯೋರು ಈ ಅಂಕಿ ಎರಡನ್ನೂ ಒಟ್ಟಿಗೆ ಓದಬೇಕು. ಮಕ್ಕಳು ಮರಳಿನ ಮೇಲೆ ಬೆರಳಿಂದ ಬರೆಯೋದನ್ನು ಅವನೂ ಕಂಡ. ದೊಡ್ಡ ಹುಡುಗರು ಸಣ್ಣವರಿಗೆ ಕಲಿಸುತ್ತಾ ತಮ್ಮ ಪಾಠ ಗಟ್ಟಿ ಮಾಡಿಕೊಳ್ಳೋ ಪದ್ಧತಿಯನ್ನು ಮೆಚ್ಚಿ, ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ಯೋಗ್ಯವೇ ಅಂತ ಬರೆದ. ಮದ್ರಾಸಿನಲ್ಲಿದ್ದ ಆಂಡ್ರೂ ಬೆಲ್ ಅನ್ನೋ ಪಾದ್ರಿ ಅದಾಗಲೇ ಈ ಪದ್ಧತಿಯನ್ನು ಅಲ್ಲಿಗೆ ಒಯ್ದಿದ್ದ. ನಮ್ಮ ಕಟ್ಟೆಯ ಮೇಲಿನ ವಿದ್ಯೆ ಹಡಗು ಹತ್ತಿ ಹೋಯ್ತು ಅನ್ನಿ.

ಅದೇ ಕ್ಯಾಂಪ್ಬೆಲ್ ಇನ್ನೊಂದು ಮಾತನ್ನೂ ಬರೆದಾನೆ, ಅದು ಕಹಿ ಮಾತು. ತೆಲುಗು ವ್ಯಾಕರಣ ಬರೆದಿದ್ದವನು, ಭಾಷೆ ಬಲ್ಲವನು. ನಮ್ಮ ಶಾಲೆಗಳ ಪುಸ್ತಕ ಎಲ್ಲಾ ಹಳೇ ಪದ್ಯದಲ್ಲಿ ಇರ್ತಾವೆ, ಆಡೋ ಮಾತೇ ಬೇರೆ, ಮಕ್ಕಳು ಗಿಳಿಯ ಹಂಗೆ ಒಪ್ಪಿಸ್ತಾರೆ, ಅರ್ಥ ಹೇಳೋ ಮೇಷ್ಟ್ರು ಕಮ್ಮಿ ಅಂತ. ಇಕ್ಕೇರಿ ದಾರಿಯ ಹುಡುಗರಿಗೆ ಪ್ರಶ್ನೆ ಕೇಳಿದರೆ ತಮ್ಮ ಮಾತಲ್ಲಿ ಜವಾಬು ಕೊಡೋಕೆ ಬಂತು. ಇವತ್ತು ನಮ್ಮ ಮಕ್ಕಳ ಕೈಲಿ ಇಟಲಿಯ ಪ್ರಬಂಧ ನಕಲು ಮಾಡಿಸಿದರೆ ಅವರು ಪೀಸಾದ ಗೋಪುರ ವಾಲೈತೆ ಅಂತ ಒಪ್ಪಿಸ್ತಾರೆ. ಅದರಿಂದ ಅವರಿಗೆ ಏನು ಬಂತು?

ವಿನಿಮಯ ಅನ್ನೋ ಮಾತಿಗೆ ಬರ್ತೀನಿ. ಯುರೋಪಿನವರು ಎರಾಸ್ಮಸ್ ಅಂತ ಒಂದು ಏರ್ಪಾಟು 1987ರಲ್ಲಿ ಶುರು ಮಾಡಿದರು. ಒಂದು ದೇಶದ ಹುಡುಗ ಇನ್ನೊಂದು ದೇಶಕ್ಕೆ ಹೋಗಿ ಕೆಲವು ತಿಂಗಳು ಓದಿ ತನ್ನ ಕಾಲೇಜಿಗೇ ವಾಪಸ್ಸು ಬರೋದು. ಈಗ ಹೊರಗಿನ ದೇಶದವರಿಗೂ ಅದರಲ್ಲಿ ಜಾಗ ಐತೆ. ರೈತನಿಗೆ ಇದನ್ನು ಬಿಡಿಸಿ ಹೇಳೋದು ಬೇಡ, ಮುಯ್ಯಾಳು ನಮಗೆ ಗೊತ್ತು. ನಾನು ನಿನ್ನ ಹೊಲಕ್ಕೆ ಒಂದು ದಿನ ಬಂದರೆ ನೀನು ನನ್ನ ಹೊಲಕ್ಕೆ ಒಂದು ದಿನ. ಹಂಗಾದರೆ ನಮ್ಮ ಹುಡುಗಿ ಅಲ್ಲಿಗೆ ಏನು ಕೊಟ್ಟು ಬಂದಳು? ಜೊತೆಗೆ ಓದಿದವರು ನಿನ್ನ ಊರು ಯಾವುದು, ಅಲ್ಲಿ ಏನು ಬೆಳೀತೀರಿ, ಮನೇಲಿ ಯಾವ ಭಾಷೆ ಆಡ್ತೀರಿ ಅಂತ ಕೇಳಿಯೇ ಇರ್ತಾರೆ. ಅದಕ್ಕೆ ಅವಳು ಏನು ಹೇಳಿದಳು ಅಂತ ಓದೋಕೆ ನಾನು ಪುಟ ತಿರುವಿ ತಿರುವಿ ಹುಡುಕಿದೆ.

ಯಾಕೆ ಹುಡುಕಿದೆ ಅಂದರೆ, ಹೇಳೋಕೆ ಅವಳ ಹತ್ತಿರ ಬೆಂಗಳೂರಿನ ಹುಡುಗರ ಹತ್ತಿರ ಇಲ್ಲದ್ದು ಒಂದು ಐತೆ. 1953ರ ಅಕ್ಟೋಬರ್ ಒಂದಕ್ಕೆ ಆದವಾನಿ, ಆಲೂರು, ರಾಯದುರ್ಗ ತಾಲೂಕು ಬಳ್ಳಾರಿಯಿಂದ ಬಿಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ಮಕ್ಕಳು ಮನೇಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಲಸಿ, ಕಾಲೇಜಿನಲ್ಲಿ ಇಂಗ್ಲಿಷು ಅಂತ ಬೆಳೆದವರು. ಬೇರೆ ಭಾಷೆಯ ನಡುವೆ ಬದುಕೋ ಪರದೇಶದ ಪಾಠ ನಮ್ಮ ಹುಡುಗಿಗೆ ವಿಮಾನ ಹತ್ತೋಕೆ ಮುಂಚೆಯೇ ಆಗಿತ್ತು. ತೆಲುಗು ಕಚೇರಿಯಲ್ಲಿ ಮಾತು ತಡವರಿಸಿದ್ದಕ್ಕೂ ಇಟಲಿಯ ಅಂಗಡಿಯಲ್ಲಿ ತಡವರಿಸಿದ್ದಕ್ಕೂ ಏನು ವ್ಯತ್ಯಾಸ? ಯಾವುದರಲ್ಲಿ ನಾಚಿಕೆ ಹೆಚ್ಚು? ಇದನ್ನು ಬರೆಯೋ ಯೋಗ್ಯತೆ ಅವಳಿಗೆ ಇತ್ತು, ಇನ್ನೂ ಐತೆ.

ಡಾಂಟೆಯ ಶಿಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಾಳೆ. ಚೆನ್ನಾಗೈತೆ ಫೋಟೋ. ಆ ಡಾಂಟೆ ಅನ್ನೋನು ಪಂಡಿತರ ಲ್ಯಾಟಿನ್ ಬಿಟ್ಟು ತನ್ನ ಊರವರು ಆಡೋ ಮಾತಲ್ಲೇ ದೊಡ್ಡ ಕಾವ್ಯ ಬರೆದವನು. ನಮ್ಮ ಶರಣರು ಅವನಿಗಿಂತ ನೂರೈವತ್ತು ವರ್ಷ ಮೊದಲೇ ಆಡುಮಾತಲ್ಲಿ ವಚನ ಹೇಳಿದವರು, ಅದು ಬೇರೆ ಮಾತು. 1302ರಲ್ಲಿ ಫ್ಲಾರೆನ್ಸಿನವರು ಅವನನ್ನು ಊರು ಬಿಡಿಸಿದರು. 1321ರಲ್ಲಿ ರವೆನ್ನಾದಲ್ಲಿ ಸತ್ತ, ಹುಟ್ಟಿದ ಊರಿಗೆ ಮತ್ತೆ ಕಾಲಿಡಲಿಲ್ಲ. ಗೆರೆಯ ಆ ಕಡೆ ಉಳಿದವರ ಮಾತು ನಮಗೆ ಹೊಸದೇನಲ್ಲ. ಇದರಲ್ಲಿ ಒಂದು ಸಾಲು ಬಂದಿದ್ದರೂ ಆ ಫೋಟೋ ನಮ್ಮದಾಗ್ತಿತ್ತು.

ಹಿಂದೆಯೂ ಕನ್ನಡದವರು ಓದೋಕೆ ಸಮುದ್ರ ದಾಟಿ ಹೋಗ್ಯಾರೆ. ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋದರು, ಆ ಅನುಭವವನ್ನು ‘ಸಮುದ್ರದಾಚೆಯಿಂದ’ ಅಂತ ಬರೆದರು. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದ್ತಿದ್ದಾಗ ಭಾಷೆ ತಿಳಿಯದ ಒಂದು ಸ್ವೀಡನ್ ಸಿನಿಮಾ ನೋಡಿ ಬಂದು ‘ಸಂಸ್ಕಾರ’ ಬರೆಯೋಕೆ ಕೂತರು, ಅದು 1965ರಲ್ಲಿ. ಆ ಕಾದಂಬರಿಯಲ್ಲಿ ಇಂಗ್ಲೆಂಡ್ ಇಲ್ಲವೇ ಇಲ್ಲ, ಮಲೆನಾಡಿನ ಅಗ್ರಹಾರ ಐತೆ. ದೂರ ಹೋದಾಗ ಕಂಡದ್ದು ಅದು. ನಮ್ಮ ಹುಡುಗಿಗೆ ಅಲ್ಲಿ ಕೂತಾಗ ಹಾಲಹರವಿಯ ಯಾವ ಮೂಲೆ ಕಣ್ಣಿಗೆ ಬಂತು? ಎರೆಹೊಲವೋ, ಕಾಲುವೆಯ ಏರಿಯೋ, ಆಲೂರಿನ ಬಸ್ಸೋ?

ಇಷ್ಟೆಲ್ಲ ಅಂದದ್ದು ಅವಳ ಮೇಲಿನ ಸಿಟ್ಟಿಗಲ್ಲ. ಅಪ್ಪ ಸಾಲ ಮಾಡಿ ಕಳಿಸಿದ್ದು ನನಗೆ ಗೊತ್ತು. ಊರಿಗೆ ಬಂದಾಗ ಎಲ್ಲರೂ ಅವಳಿಗೆ ಕೇಳಿದ್ದು ಪಿಜ್ಜಾದ ರುಚಿ, ಗೋಪುರ ಎಷ್ಟು ವಾಲೈತೆ ಅನ್ನೋದನ್ನೇ. ಕೇಳಿದ್ದಕ್ಕೆ ತಕ್ಕಂತೆ ಬರೆದುಕೊಟ್ಟಳು. ಕೇಳಿದವರಲ್ಲಿ ಮೇಷ್ಟ್ರುಗಳೂ ಇದ್ದರು.

ಮೇಷ್ಟ್ರುಗಳಲ್ಲಿ ನನ್ನ ಒಂದು ವಿನಂತಿ. ನಕಲು ಮಾಡಿಸೋದು ಬಿಡಿ. ಸಂಕ್ರಾಂತಿಗೆ ಅವಳು ಊರಿಗೆ ಬರ್ತಾಳೆ. ವಾಚನಾಲಯದ ಕಟ್ಟೆಯ ಮೇಲೆ ಕೂಡಿಸಿ, ಮಕ್ಕಳು ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳಲಿ, ಅಲ್ಲಿಯ ಪರೀಕ್ಷೆಯಂಗೆ. ಉಳಿದವರು ಹಿಂದೆ ಕೂತು ಕೇಳಲಿ. ಆಮೇಲೆ ಬರೀಲಿ.

ನನ್ನ ಪ್ರಶ್ನೆ ನಾನು ಇಟ್ಟುಕೊಂಡೀನಿ. ಎಂಟನೇ ಪುಟದಲ್ಲಿ, ರೈಲಿನ ಟಿಕೇಟಿನ ಲೆಕ್ಕದ ನಡುವೆ ಒಂದು ಸಾಲು ಐತೆ. ಅವಳಿದ್ದ ಮನೆಯ ಎದುರಿನ ಮುದುಕಿ ಸಂಜೆ ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗಕ್ಕೆ ಬಟ್ಟೆ ಹಾಕುತ್ತಾ ಹಾಡ್ತಿದ್ದಳಂತೆ. ಮುಂದೆ ಏನೂ ಇಲ್ಲ, ಮತ್ತೆ ಟಿಕೇಟು. ತಾಯಿ, ಆ ಮುದುಕಿ ಏನು ಹಾಡ್ತಿದ್ದಳು? ಅರ್ಥ ತಿಳೀದಿದ್ದರೂ ಚಿಂತೆ ಇಲ್ಲ, ಸೊಲ್ಲು ನೆನಪಿದ್ದರೆ ರಾಗ ಹಿಡಿದು ಒಂದು ಸಲ ಹೇಳು.